ಆಸ್ಪತ್ರೆಗಳು ಒಂದಾದಾಗ ರೋಗಿಗೇನು, ವೈದ್ಯರಿಗೇನು?

ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರ್ ಚಿಕಿತ್ಸೆ ಯಾಕಿಷ್ಟು ದುಬಾರಿ ಎಂದರೆ ನಾವೆಲ್ಲ ಮೊದಲು ಔಷಧದ ಬೆಲೆಯ ಕಡೆ ಬೆರಳು ತೋರಿಸುತ್ತೇವೆ. ಅದು ಸುಳ್ಳಲ್ಲ. ಆದರೆ ಆಸ್ಪತ್ರೆ ಯಾರ ಕೈಯಲ್ಲಿದೆ, ಅದನ್ನು ಬಿಟ್ಟರೆ ಊರಲ್ಲಿ ಬೇರೆ ಯಾವುದಿದೆ ಎಂಬುದೂ ಬಿಲ್ಲಿನಲ್ಲಿ ಸೇರಿರುತ್ತದೆ. ಇದನ್ನು ತಿಳಿಯಬೇಕಾದರೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕತೆ ಕೇಳಬೇಕು.

ಅಲ್ಲಿ ಯುಪಿಎಂಸಿ ಎಂಬ ಸಂಸ್ಥೆ ಒಂದೊಂದೇ ಆಸ್ಪತ್ರೆಯನ್ನು ಸೇರಿಸಿಕೊಳ್ಳುತ್ತಾ ಬೆಳೆಯಿತು. ಸುತ್ತಮುತ್ತಲಿನ ಕ್ಯಾನ್ಸರ್ ಕ್ಲಿನಿಕ್‌ಗಳೂ ಅದರ ತೆಕ್ಕೆಗೆ ಬಂದವು. ಅದಕ್ಕೆ ತನ್ನದೇ ವಿಮಾ ಕಂಪನಿಯೂ ಇತ್ತು. ಆ ಭಾಗದ ದೊಡ್ಡ ವಿಮಾ ಕಂಪನಿ ಹೈಮಾರ್ಕ್ ಸುಮ್ಮನೆ ಕೂರಲಿಲ್ಲ. 2013ರಲ್ಲಿ ಅದೂ ಒಂದು ಆಸ್ಪತ್ರೆ ಬಳಗವನ್ನೇ ಕೊಂಡುಕೊಂಡಿತು. ಊರು ಎರಡು ಪಾಲಾಯಿತು.

ಇಲ್ಲಿ ಕೀಮೋಥೆರಪಿಯ ಲೆಕ್ಕ ಗಮನಿಸಿ. ವೈದ್ಯರ ಸ್ವಂತ ಕ್ಲಿನಿಕ್ಕಿನಲ್ಲಿ ಕೀಮೋ ಕೊಟ್ಟರೆ ಒಂದು ದರ. ಅದೇ ಕ್ಲಿನಿಕ್ಕನ್ನು ಆಸ್ಪತ್ರೆ ಕೊಂಡು, ಅದು ತನ್ನ ಹೊರರೋಗಿ ವಿಭಾಗ ಎಂದರೆ ಇನ್ನೊಂದು ದರ. ಅದೇ ಕುರ್ಚಿ, ಅದೇ ನರ್ಸ್, ಅದೇ ಔಷಧ. ಬೋರ್ಡು ಬದಲಾಯಿತು, ಬಿಲ್ ಜಾಸ್ತಿಯಾಯಿತು. 2014ರಲ್ಲಿ ಹೈಮಾರ್ಕ್ ಈ ಹೆಚ್ಚುವರಿ ಹಣ ಕೊಡುವುದಿಲ್ಲ ಎಂದು ಪಟ್ಟು ಹಿಡಿಯಿತು. ಅಮೆರಿಕದ ಎಷ್ಟೋ ಊರುಗಳಲ್ಲಿ ಈ ತಕರಾರು ಇಂದಿಗೂ ಮುಗಿದಿಲ್ಲ.

ಇಬ್ಬರ ಜಗಳದಲ್ಲಿ ನಲುಗಿದ್ದು ರೋಗಿ. ಹೈಮಾರ್ಕ್ ವಿಮೆಯವರಿಗೂ ಯುಪಿಎಂಸಿಯಲ್ಲಿ ಚಿಕಿತ್ಸೆ ಸಿಗಲಿ ಎಂದು ಸರ್ಕಾರ ನಡುವೆ ಬಂದು ಮಾಡಿಸಿದ್ದ ಒಪ್ಪಂದ 2019ರ ಜೂನ್ 30ಕ್ಕೆ ಮುಗಿಯುವುದಿತ್ತು. ಆಮೇಲೆ ಹೈಮಾರ್ಕ್ ವಿಮೆ ಇರುವ ಅನೇಕರು ಯುಪಿಎಂಸಿಯಲ್ಲಿ ಚಿಕಿತ್ಸೆ ಬೇಕಾದರೆ ಹಣ ಮುಂಗಡ ಕಟ್ಟಬೇಕಾಗುತ್ತಿತ್ತು. ಅರ್ಧ ಚಿಕಿತ್ಸೆಯಲ್ಲಿರುವ ಕ್ಯಾನ್ಸರ್ ರೋಗಿಗೆ ಆ ದಿನಗಳು ಹೇಗಿದ್ದಿರಬೇಕು, ಯೋಚಿಸಿ. ರಾಜ್ಯದ ಅಟಾರ್ನಿ ಜನರಲ್ ಜಾಶ್ ಶಪಿರೊ ಕೋರ್ಟಿಗೆ ಹೋದರು. ಕೊನೆಗೆ ಗಡುವಿಗೆ ಕೆಲವೇ ದಿನ ಇರುವಾಗ ಎರಡೂ ಸಂಸ್ಥೆಗಳು ಹತ್ತು ವರ್ಷದ ಒಪ್ಪಂದಕ್ಕೆ ಬಂದವು.

ಇನ್ನು ತಜ್ಞ ವೈದ್ಯರ ವಿಷಯ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಊರಲ್ಲಿ ಎರಡೇ ಮಾಲೀಕರಾದರೆ ಕ್ಯಾನ್ಸರ್ ತಜ್ಞರಿಗೂ ಎರಡೇ ಬಾಗಿಲು. ಜೊತೆಗೆ ಅಮೆರಿಕದ ಎಷ್ಟೋ ವೈದ್ಯರ ಕರಾರಿನಲ್ಲಿ ಒಂದು ಷರತ್ತು ಇರುತ್ತದೆ: ಕೆಲಸ ಬಿಟ್ಟರೆ ಇಷ್ಟು ಮೈಲಿಯೊಳಗೆ, ಇಷ್ಟು ಕಾಲ, ಬೇರೆ ಕಡೆ ಕೆಲಸ ಮಾಡುವಂತಿಲ್ಲ. ಅಂದರೆ ಊರೇ ಬಿಡಬೇಕು. ಮಕ್ಕಳ ಶಾಲೆ, ಮನೆ ಸಾಲ ಎಲ್ಲ ಇರುವಾಗ ಯಾರು ದನಿ ಎತ್ತುತ್ತಾರೆ? ಒಬ್ಬ ರೋಗಿಗೆ ಇನ್ನಷ್ಟು ಸಮಯ ಬೇಕು ಎಂದು ಆಡಳಿತದ ಎದುರು ವಾದಿಸಬೇಕಾದವರು ಇವರೇ ಅಲ್ವಾ? ಹೊರಟು ಹೋಗಲು ದಾರಿ ಇರುವ ವೈದ್ಯರು ಮಾತ್ರ ಹಾಗೆ ಧೈರ್ಯವಾಗಿ ವಾದಿಸಬಲ್ಲರು.

ಎಚ್-1ಬಿ ವೀಸಾದಲ್ಲಿರುವ ನಮ್ಮ ಕನ್ನಡದ ವೈದ್ಯರಿಗೆ ಇದು ಇನ್ನೂ ಕಷ್ಟ. ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ.

ಪಿಟ್ಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ ರಾಜ್ಯ ಈಗ ಸ್ವಲ್ಪ ಎಚ್ಚೆತ್ತಿದೆ. ಅದೇ ಶಪಿರೊ ಗವರ್ನರ್ ಆದ ಮೇಲೆ, 2024ರಲ್ಲಿ, ಒಂದು ಕಾಯ್ದೆಗೆ ಸಹಿ ಹಾಕಿದರು. ವೈದ್ಯರ ಮೇಲೆ ಒಂದು ವರ್ಷಕ್ಕಿಂತ ಹೆಚ್ಚಿನ ಇಂಥ ನಿರ್ಬಂಧವನ್ನು ಹೊಸ ಕರಾರುಗಳಲ್ಲಿ ಹೇರುವಂತಿಲ್ಲ. ಆಸ್ಪತ್ರೆಯೇ ಕೆಲಸದಿಂದ ತೆಗೆದರೆ ನಿರ್ಬಂಧವೇ ನಿಲ್ಲುವುದಿಲ್ಲ. 2025ರ ಜನವರಿಯಿಂದ ಇದು ಜಾರಿಯಲ್ಲಿದೆ.

ಈ ವಿಷಯದಲ್ಲಿ ನಮ್ಮ ಕಾನೂನು ಹಳೆಯದಾದರೂ ಗಟ್ಟಿ. 1872ರ ಕರಾರು ಕಾಯ್ದೆಯ 27ನೇ ಕಲಮು, ಒಬ್ಬರ ವೃತ್ತಿಯನ್ನೇ ತಡೆಯುವ ಕರಾರು ಅಸಿಂಧು ಎನ್ನುತ್ತದೆ. ಕೆಲಸ ಬಿಟ್ಟ ಮೇಲೂ ಕಟ್ಟಿಹಾಕುವ ಷರತ್ತನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆದರೆ ಕೊಳ್ಳುವಿಕೆ ಇಲ್ಲೂ ಜೋರಾಗಿದೆ. 2021ರಲ್ಲಿ ಕೊಲಂಬಿಯಾ ಏಷ್ಯಾ ಮತ್ತು ಬೆಂಗಳೂರಿನ ವಿಕ್ರಂ ಆಸ್ಪತ್ರೆ ಮಣಿಪಾಲ್ ಬಳಗಕ್ಕೆ ಸೇರಿದವು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಕ್ಯಾನ್ಸರ್ ಆಸ್ಪತ್ರೆಗಳ ಜಾಲ ಎಚ್‌ಸಿಜಿಯ ಹಿಡಿತ 2020ರಲ್ಲಿ ಸಿವಿಸಿ ಎಂಬ ವಿದೇಶಿ ಹೂಡಿಕೆ ಸಂಸ್ಥೆಗೆ ಹೋಯಿತು. 2025ರಲ್ಲಿ ಆ ಹಿಡಿತವನ್ನು ಅಮೆರಿಕದ ಕೆಕೆಆರ್ ಎಂಬ ಇನ್ನೊಂದು ಹೂಡಿಕೆ ಸಂಸ್ಥೆ ಕೊಂಡಿತು. ಇದರಿಂದ ಕೆಟ್ಟದ್ದೇ ಆಯಿತು ಎಂದು ನಾನು ಹೇಳುತ್ತಿಲ್ಲ. ದೊಡ್ಡ ಸಂಸ್ಥೆಗೆ ದುಬಾರಿ ರೇಡಿಯೇಷನ್ ಯಂತ್ರ ತರುವ ಶಕ್ತಿ ಇರುತ್ತದೆ. ಆದರೆ ಹೂಡಿದವರು ಲಾಭ ಕೇಳುತ್ತಾರೆ, ಆ ಲಾಭ ಬರಬೇಕಾದ್ದು ಬಿಲ್ಲಿನಿಂದಲೇ.

ಬೆಲೆ ಇಳಿಸಲು ಆಸ್ಪತ್ರೆಗಳ ಒಡೆತನ ಒಂದಾಗಲೇಬೇಕು ಎಂದೇನಿಲ್ಲ. 2012ರಲ್ಲಿ ಶುರುವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ನೋಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಮುಂದಾಳತ್ವದಲ್ಲಿ ಬೇರೆ ಬೇರೆ ಆಸ್ಪತ್ರೆಗಳು ಒಟ್ಟಾಗಿ ಚೌಕಾಸಿ ಮಾಡಿ ಕ್ಯಾನ್ಸರ್ ಔಷಧಗಳನ್ನು ಬಹಳ ಕಡಿಮೆ ಬೆಲೆಗೆ ಪಡೆದವು. ನಮ್ಮ ಕಿದ್ವಾಯಿ ಸಂಸ್ಥೆಯೂ ಆ ಗ್ರಿಡ್‌ನಲ್ಲಿದೆ. ಯಾವ ಆಸ್ಪತ್ರೆಯೂ ಇನ್ನೊಂದನ್ನು ನುಂಗಲಿಲ್ಲ, ವೈದ್ಯರ ಬಾಗಿಲೂ ಮುಚ್ಚಲಿಲ್ಲ.

ದೊಡ್ಡ ವಿಲೀನಗಳಿಗೆ ಒಪ್ಪಿಗೆ ಕೊಡುವ ಭಾರತೀಯ ಸ್ಪರ್ಧಾ ಆಯೋಗದಿಂದ ನನಗೆ ಬೇಕಾದ್ದು ಇಷ್ಟು. ದೇಶದ ಒಟ್ಟು ಹಾಸಿಗೆಗಳ ಲೆಕ್ಕ ಸಾಲದು. ಈ ವಿಲೀನ ಆದ ಮೇಲೆ ಮೈಸೂರಿನ, ಹುಬ್ಬಳ್ಳಿಯ, ಕಲಬುರಗಿಯ ರೋಗಿಗೆ ರೇಡಿಯೇಷನ್ ಕೊಡುವ ಜಾಗ ಎಷ್ಟು ಉಳಿಯುತ್ತವೆ, ಅಲ್ಲಿನ ಕ್ಯಾನ್ಸರ್ ತಜ್ಞರಿಗೆ ಕೆಲಸ ಕೊಡುವವರು ಎಷ್ಟು ಜನ ಉಳಿಯುತ್ತಾರೆ ಎಂದು ಊರೂರಿಗೂ ಲೆಕ್ಕ ಹಾಕಲಿ. ಆ ಲೆಕ್ಕವನ್ನು ಕನ್ನಡದಲ್ಲೂ ಪ್ರಕಟಿಸಲಿ.

ನಮಸ್ಕಾರ.