ಕತ್ತಿಗೆ ಹತ್ತಿದ ಕೆಂಪು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಹಿಡಿಯುವ ಮೊದಲು ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಶುರುವಾಗುತ್ತದೆ. ಒಂದು ಪಾತ್ರೆಯಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಇನ್ನೊಂದರಲ್ಲಿ 50 ಲೀಟರ್ ನೀರಿಗೆ 1 ಕಿಲೋ ಸುಣ್ಣ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಿಂದ ಕದಡಿದರೆ ಆಕಾಶದ ಬಣ್ಣದ ಬೋರ್ಡೋ ದ್ರಾವಣ ಸಿದ್ಧವಾಗುತ್ತದೆ. ನನ್ನ ದೊಡ್ಡಪ್ಪ ಅದನ್ನು ಕೂಡಲೇ ಪಂಪಿಗೆ ತುಂಬಿಸಲು ಬಿಡುತ್ತಿರಲಿಲ್ಲ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಿದ್ದರು. ಮೇಲೆತ್ತಿ, ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿದ್ದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದು ಲೆಕ್ಕ. ಹಾಗೆಯೇ ಬಿಟ್ಟರೆ ಎಳೆಯ ಕಾಯಿ ಸುಟ್ಟುಹೋದೀತು. "ಸುಣ್ಣ ಸಾಲದು" ಎನ್ನುತ್ತಿದ್ದರು. ಕದಡುತ್ತಿದ್ದವರು ಇನ್ನೊಂದಿಷ್ಟು ಸುಣ್ಣದ ನೀರು ಸೇರಿಸುತ್ತಿದ್ದರು. ಮತ್ತೆ ಕತ್ತಿ, ಮತ್ತೆ ಬೆಳಕು.

ಆ ಮಾತಿನಿಂದ ಯಾರಿಗೂ ಅವಮಾನವಾಗುತ್ತಿರಲಿಲ್ಲ. ಇವತ್ತು ನಾನು ಹೇಳಬೇಕಾದ ವಿಷಯ ಇರುವುದು ಅಲ್ಲಿಯೇ. ಕತ್ತಿ ಕೇಳುತ್ತಿದ್ದದ್ದು ದ್ರಾವಣವನ್ನು, ಅದನ್ನು ಕದಡಿದವರನ್ನಲ್ಲ.

ನಾವು ಆರೇಳು ಮಂದಿ ಭಾನುವಾರ ಸಂಜೆ ಒಂದು ಮನೆಯ ಜಗಲಿಯಲ್ಲಿ ಸೇರುತ್ತೇವೆ. ಕೃಷಿಕರಿದ್ದಾರೆ, ದಾದಿಯೊಬ್ಬರಿದ್ದಾರೆ, ಮಲಯಾಳ ಮನೆಮಾತಿನ ಅಧ್ಯಾಪಕರೊಬ್ಬರಿದ್ದಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದು ಪಟ್ಟಾಂಗ, ಅಂದರೆ ಹರಟೆ. ಅಡಿಕೆಯ ಧಾರಣೆಯಿಂದ ಹೊರಟ ಮಾತು ಆತ್ಮ ಇದೆಯೇ ಎಂಬಲ್ಲಿಗೆ ಮುಟ್ಟುತ್ತದೆ. ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್‌ನ ಸಂಶಯದಿಂದ ಹೊರಟದ್ದು ಹಲಸಿನ ಹಪ್ಪಳದ ಹಿಟ್ಟಿಗೆ ಉಪ್ಪೆಷ್ಟು ಎಂಬಲ್ಲಿ ನಿಲ್ಲುವುದೂ ಉಂಟು. ತತ್ತ್ವಶಾಸ್ತ್ರವನ್ನು ಇಷ್ಟು ಹಗುರ ಮಾಡಬಾರದು ಎಂದು ಆಕ್ಷೇಪಿಸಿದವರಿದ್ದಾರೆ. ನಾನು ಒಪ್ಪುವುದಿಲ್ಲ. ನ್ಯಾಯದರ್ಶನದ ತರ್ಕಿಗಳಾದ ನಮ್ಮ ನೈಯಾಯಿಕರು ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದನ್ನು, ವಿವರಿಸಲು ಆರಿಸಿಕೊಂಡ ಉದಾಹರಣೆಯೇ ಅಡುಗೆಮನೆ: ಗುಡ್ಡದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಕಾಣುತ್ತಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ.

ಆ ಬೋರ್ಡೋ ದ್ರಾವಣವೂ ಇಂಥದೇ ಒಂದು ಅನುಮಾನದಿಂದ ಬಂದದ್ದು. 1882ರ ಸುಮಾರಿಗೆ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಗಳಿಗೆ ಬೂಜುರೋಗ ಬಡಿದಿತ್ತು. ದಾರಿಯ ಪಕ್ಕದ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಬೋರ್ಡೋದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಮಿಲಾರ್ಡೆ ಅದನ್ನು ಗಮನಿಸಿ ವಿಚಾರಿಸಿದ. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ತೋಟದವರು ತುತ್ತು ಮತ್ತು ಸುಣ್ಣ ಬೆರೆಸಿ ಎರಚಿದ್ದರು. ಕಳ್ಳರಿಗಾಗಿ ಎರಚಿದ್ದು ರೋಗವನ್ನೂ ತಡೆಯಿತೇ? ಅವನು ಅಷ್ಟಕ್ಕೇ ತೃಪ್ತನಾಗದೆ ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದ. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಅಡಿಕೆಗೂ ಇದೇ ಮದ್ದು ಹಿಡಿಯಿತು.

ಒಂದು ಭಾನುವಾರ ದಾದಿಯವರು ಕೇಳಿದರು: "ನೂರು ಕಡೆ ಹೊಗೆಯ ಜೊತೆ ಬೆಂಕಿ ಕಂಡೆವು, ಸರಿ. ನೂರೊಂದನೆಯ ಕಡೆಯೂ ಇರುತ್ತದೆ ಎಂದು ಹೇಗೆ ಗೊತ್ತು?" ಕಣ್ಣಿಗೆ ಕಾಣುವುದನ್ನಷ್ಟೇ ನಂಬುವ ಚಾರ್ವಾಕರು ಕೇಳಿದ್ದೂ ಇದನ್ನೇ. 1739ರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಎತ್ತಿದ್ದೂ ಇದೇ ಸಂಶಯ. ಆ ಪ್ರಶ್ನೆಗೆ ಇಂದಿಗೂ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ. ನಮಗೂ ಆ ಸಂಜೆ ಸಿಗಲಿಲ್ಲ. ಆದರೆ ಅಂದಿನಿಂದ ನಮ್ಮ ಜಗಲಿಯಲ್ಲಿ "ಖಂಡಿತ" ಎಂಬ ಪದ ಕಡಿಮೆಯಾಗಿ "ಹೆಚ್ಚಾಗಿ" ಎಂಬುದು ಹೆಚ್ಚಿತು. ಇದು ಸಣ್ಣ ಬದಲಾವಣೆಯಲ್ಲ. ಮೊಬೈಲಿಗೆ ಬರುವ ಮನೆಮದ್ದಿನ ಸಂದೇಶಗಳನ್ನು ಓದುವ ಬಗೆಯೂ ಬದಲಾಯಿತು. ನ್ಯಾಯದರ್ಶನ ಶಬ್ದವನ್ನು, ಅಂದರೆ ಇನ್ನೊಬ್ಬರ ಮಾತನ್ನು, ಪ್ರಮಾಣವೆಂದು, ಅರಿವಿನ ದಾರಿಯೆಂದು ಒಪ್ಪುತ್ತದೆ, ಆದರೆ ಹೇಳುವವನು ಆಪ್ತನಾಗಿರಬೇಕು. ಆಪ್ತನೆಂದರೆ ನಂಟನೆಂದಲ್ಲ, ವಿಷಯವನ್ನು ತಾನೇ ಕಂಡು ಅರಿತವನು, ಅರಿತದ್ದನ್ನು ಇದ್ದ ಹಾಗೆ ಹೇಳಬೇಕೆಂಬ ಮನಸ್ಸುಳ್ಳವನು. ಸಕ್ಕರೆ ಕಾಯಿಲೆ ವಾರದಲ್ಲಿ ವಾಸಿ ಎಂದು ಕಳಿಸಿದವರು ನಮ್ಮ ಸ್ವಂತ ಅತ್ತಿಗೆಯೇ ಆಗಿರಬಹುದು. ಆದರೆ ಅದನ್ನು ಕಂಡವರು ಯಾರು?

ಇನ್ನು ನೀರಿನ ವಿಷಯಕ್ಕೆ ಬರುತ್ತೇನೆ. ನನ್ನ ಜೀವನದ ಒಂದು ತಪ್ಪು ಅಲ್ಲಿದೆ.

ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ನಾಡು. ಇಲ್ಲಿ ಗುಡ್ಡದ ಬದಿಯನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡಿ ನೀರು ತರುವ ವಿದ್ಯೆ ಇದೆ. ಒಬ್ಬರು ಗುದ್ದಲಿ ಹಿಡಿದು ಒಳಗೆ ಹೋಗುವಷ್ಟೇ ಅಗಲ. ತೋಡುವವರು ಗುಡ್ಡದ ಇಳಿಜಾರು ನೋಡುತ್ತಾರೆ, ಬೇಸಿಗೆಯಲ್ಲೂ ಯಾವ ಗಿಡ ಹಸಿರಾಗಿದೆ ಎಂದು ನೋಡುತ್ತಾರೆ, ಕೊರೆಯುತ್ತಾ ಹೋದಂತೆ ಮಣ್ಣನ್ನು ಹಿಡಿಯಲ್ಲಿ ಹಿಂಡಿ ಪಸೆ ನೋಡುತ್ತಾರೆ. ಒಳಗೆ ಉರಿಯುವ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಾರೆ. ಇದಕ್ಕಿಂತ ಒಳ್ಳೆಯ ತರ್ಕಪಾಠ ನನಗೆ ಗೊತ್ತಿಲ್ಲ; ಹೇತು, ಅಂದರೆ ಊಹೆಗೆ ಹಿಡಿದ ಗುರುತು, ತಪ್ಪಿದರೆ ಜೀವಕ್ಕೇ ಸಂಚಕಾರ.

ಇದೇ ಊರಿನಲ್ಲಿ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆದು, ಕಾಯಿ ಎದ್ದು ನಿಂತಲ್ಲಿ ಬಾವಿಗೆ ಜಾಗ ತೋರಿಸುವವರೂ ಇದ್ದಾರೆ. ದೊಡ್ಡಪ್ಪನಿಗೆ ಅವರಲ್ಲಿ ಪೂರ್ಣ ನಂಬಿಕೆ. ಕತ್ತಿ ಅದ್ದದೆ ಮದ್ದು ಬಿಡದವರು ತೆಂಗಿನಕಾಯಿಯನ್ನು ಮಾತ್ರ ಪರೀಕ್ಷೆಯಿಲ್ಲದೆ ಒಪ್ಪಿದ್ದರು. ನನಗಾಗ ಇಪ್ಪತ್ತೆರಡು ವರ್ಷ. ಒಂದು ಮದುವೆಮನೆಯ ಚಪ್ಪರದಲ್ಲಿ, ಹತ್ತಾರು ಜನರ ಎದುರು, ಅವರ ನಂಬಿಕೆಯನ್ನು ಚೂರುಚೂರು ಮಾಡಿದೆ. ಜನ ನಕ್ಕರು. ದೊಡ್ಡಪ್ಪ ಶಾಲನ್ನು ಹೆಗಲಿಗೆ ಹಾಕಿಕೊಂಡು ಊಟ ಮಾಡದೆ ಹೊರಟುಹೋದರು. ವಾದದಲ್ಲಿ ಗೆದ್ದೆ ಎಂದುಕೊಂಡಿದ್ದೆ. ನಾನು ಮಾಡಿದ್ದಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ ಎಂದು ಆಮೇಲೆ ಓದಿ ತಿಳಿದೆ. ನಿಜ ತಿಳಿಯಬೇಕೆಂದು ಇಬ್ಬರು ಕೂಡಿ ಹುಡುಕುವುದು ವಾದ. ಗೆಲ್ಲಲೇಬೇಕೆಂದು ನಡೆಸುವುದು ಜಲ್ಪ. ತನ್ನದೆಂದು ಒಂದು ಪಕ್ಷವನ್ನೂ ಇಡದೆ ಎದುರಿನವರದ್ದನ್ನು ಕೆಡವುವುದೊಂದೇ ಗುರಿಯಾದರೆ ಅದು ವಿತಂಡ. ನೀರು ಎಲ್ಲಿ ಸಿಗುತ್ತದೆ ಎಂಬುದಕ್ಕೆ ನನ್ನಲ್ಲಿ ಯಾವ ಉತ್ತರವೂ ಇರಲಿಲ್ಲ.

ನನ್ನನ್ನು ತಿದ್ದಿದ್ದು ತಾಳಮದ್ದಳೆ, ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಸೀಮೆ ಇದು; ಶೇಣಿ ಗೋಪಾಲಕೃಷ್ಣ ಭಟ್ಟರಂಥ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಬಂದ ಮಣ್ಣು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಒಂದು ಮಳೆಗಾಲದ ರಾತ್ರಿ ವಾಲಿವಧೆಯ ಪ್ರಸಂಗ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ: ನಿನಗೆ ನಾನು ಮಾಡಿದ ಅಪರಾಧವೇನು? ಎದುರಿಗೆ ನಿಂತು ಏಕೆ ಹೋರಾಡಲಿಲ್ಲ? ರಾಮ ತಮ್ಮನ ಹೆಂಡತಿಯ ಮಾತೆತ್ತುತ್ತಾನೆ, ರಾಜಧರ್ಮದ ಮಾತೆತ್ತುತ್ತಾನೆ. ವಾಲಿ ಬಿಡುವುದಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು; ನಾನು ಪೂರ್ತಿಯಾಗಿ ವಾಲಿಯ ಪಕ್ಷಕ್ಕೆ ಸೇರಿಬಿಟ್ಟಿದ್ದೆ. ಕೆಲವು ವಾರಗಳ ನಂತರ ಇನ್ನೊಂದು ಊರಿನಲ್ಲಿ ಅದೇ ಪ್ರಸಂಗ. ಅಂದು ವಾಲಿಯಾಗಿದ್ದವರು ಇಂದು ರಾಮ. ಆ ಬಾಯಿಯೇ ವಾಲಿಯ ಒಂದೊಂದು ಪ್ರಶ್ನೆಗೂ ಉತ್ತರ ಕೊಡುತ್ತಿತ್ತು! ವಾಲಿಯ ಮನಸ್ಸನ್ನು ಒಳಗಿನಿಂದ ಬಲ್ಲವರಾದ್ದರಿಂದಲೇ ರಾಮನ ಮಾತಿಗೆ ಆ ತೂಕ ಬಂದಿತ್ತು. ತಾಳಮದ್ದಳೆಯೂ ಎಷ್ಟೋ ರಾತ್ರಿ ಚಪ್ಪಾಳೆಯ ಆಸೆಗೆ ಜಲ್ಪಕ್ಕೆ ಇಳಿಯುತ್ತದೆ, ನಿಜ. ಆದರೆ ಎದುರಾಳಿಯ ಅರ್ಥವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವರಿಗೆ ಮಾತ್ರ ಅವನನ್ನು ಖಂಡಿಸುವ ಅಧಿಕಾರ ಎಂಬುದನ್ನು ನಾನು ಕಲಿತದ್ದು ಆ ಎರಡು ರಾತ್ರಿಗಳಲ್ಲಿ.

ದೊಡ್ಡಪ್ಪನ ಮನೆಗೆ ಹೋದೆ. ಚಪ್ಪರದಲ್ಲಿ ಆಡಿದ್ದು ತಪ್ಪಾಯಿತು ಎಂದೆ. ಅವರು ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು, ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ: "ದೊಡ್ಡಪ್ಪ, ಮದ್ದಿಗೆ ಕತ್ತಿ ಅದ್ದುವ ಹಾಗೆ ಇದಕ್ಕೂ ಏನಾದರೂ ಅದ್ದಿ ನೋಡಬಹುದೇ?" ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಪುಸ್ತಕ ತರಿಸಿ, ಕಾಯಿ ಹಿಡಿದು ಜಾಗ ತೋರಿಸಿದ ಬಾವಿಗಳನ್ನೆಲ್ಲ ಬರೆಯಲು ಹೇಳಿದರು: ಯಾರ ಮನೆಯದು, ಎಷ್ಟು ಆಳ, ಮೇ ತಿಂಗಳಲ್ಲಿ ನೀರಿದೆಯೇ. ನೀರು ಬಾರದ ಬಾವಿಗಳನ್ನು ನಾನು ಕೇಳುವ ಮೊದಲೇ ಅವರೇ ನೆನಪು ಮಾಡಿಕೊಂಡು ಹೇಳಿದರು.

ಪುಟ ತುಂಬುತ್ತಾ ಬಂತು. ದೊಡ್ಡಪ್ಪ ತಟ್ಟನೆ ಕೈ ಅಡ್ಡ ಹಿಡಿದರು.

"ಇರು. ಕಾಯಿ ಹಿಡಿದು ನೋಡದೆ ತೋಡಿದ ಬಾವಿಗಳೂ ಇವೆಯಲ್ಲ? ಅವುಗಳನ್ನು ಬರೆಯದಿದ್ದರೆ ಹೋಲಿಸುವುದು ಯಾವುದಕ್ಕೆ?"

ನಾನು ಪುಟದ ನಡುವೆ ಗೆರೆ ಎಳೆದೆ. ಅವರು ಕಣ್ಣು ಮುಚ್ಚಿಕೊಂಡು, ಕೆಳಗಿನ ಬಯಲಿನ ಹಳೆಯ ಬಾವಿಯಿಂದ ಶುರುಮಾಡಿದರು.

ನಮಸ್ಕಾರ.