ಪ್ಲಂಬರ್ ಅಂದರೆ ಸೀಸದವನು

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿದರೆ ಯಾರನ್ನು ಕರೆಯುತ್ತೀರಿ? ಪ್ಲಂಬರನ್ನು. ಆ ಮಾತಿಗೆ ಅರ್ಥವೇನು ಅಂದರೆ ನಲ್ಲಿಯವನು, ಪೈಪಿನವನು ಅನ್ನುತ್ತೀರಿ. ತಪ್ಪು. ಆ ಪದದಲ್ಲಿ ನಲ್ಲಿಯೂ ಇಲ್ಲ, ನೀರೂ ಇಲ್ಲ. ಇರುವುದು ಸೀಸ. ಲ್ಯಾಟಿನ್ನಿನಲ್ಲಿ ಸೀಸಕ್ಕೆ ‘ಪ್ಲಂಬಂ’ ಎಂದು ಹೆಸರು. ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಸೀಸದ ಸಂಕೇತ ಕೇಳಿ, ‘ಪಿಬಿ’ ಅಂತಾರೆ. ಅದೂ ಅಲ್ಲಿಂದಲೇ ಬಂದದ್ದು. ಹಿಂದೆ ರೋಮಿನವರು ಸೀಸದ ತಗಡು ಬಗ್ಗಿಸಿ ಕೊಳವೆ ಮಾಡಿ ನೀರು ಹಾಯಿಸುತ್ತಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ಚರ್ಚಿನ ಮಾಡಿಗೆ ಸೀಸದ ಹಾಳೆ ಹೊದಿಸುವವನೂ ಪ್ಲಂಬರನೇ. ನಲ್ಲಿ ಮುಟ್ಟದ ಪ್ಲಂಬರ್!

ನಮ್ಮ ಹಳೇ ಮನೆಯ ಹಿತ್ತಲಲ್ಲಿ ಒಮ್ಮೆ ಬೀಡುಕಬ್ಬಿಣದ ಪೈಪು ಸಂದಿನಲ್ಲಿ ಸೋರತೊಡಗಿತು. ಬಂದವರು ಒಬ್ಬ ವಯಸ್ಸಾದ ಮೇಸ್ತ್ರಿ. ಹಳೆಯದನ್ನು ಕಿತ್ತು, ಸಂದಿಗೆ ಸೆಣಬಿನ ಹುರಿ ತುರುಕಿದರು. ಜೇಡಿ ಮೆತ್ತಿದ ಹಗ್ಗ ಸುತ್ತಿದರು. ಮೂರು ಕಲ್ಲಿನ ಒಲೆ ಹೂಡಿ ಕಬ್ಬಿಣದ ಸೌಟಿನಲ್ಲಿ ಸೀಸ ಕಾಸಿದರು. ಹತ್ತಿರ ಹೋದೆ, ಗದರಿದರು: “ದೂರ ನಿಲ್ಲಿ ಸ್ವಾಮಿ. ಒಳಗೊಂದು ಹನಿ ನೀರಿದ್ದರೂ ಸಿಡಿದು ಮುಖಕ್ಕೆ ಬರುತ್ತೆ.” ಬೆಳ್ಳಿಯ ಹಾಗೆ ಹೊಳೆಯುವ ರಸ ಒಂದೇ ಧಾರೆಯಲ್ಲಿ ಇಳಿಯಿತು. ಆರಿದರೆ ಸೀಸ ಕುಗ್ಗುತ್ತದೆ ನೋಡಿ, ಅದಕ್ಕೇ ಸುತ್ತಲೂ ಉಳಿಯಿಟ್ಟು ಬಡಿದರು. ಪಿವಿಸಿ ಪೈಪು ಹಾಕಿಸಬಾರದಿತ್ತೇ ಅಂತ ನಾನು ಸುಮ್ಮನಿರಲಾರದೆ ಕೇಳಿದೆ. ಮೇಸ್ತ್ರಿಗೆ ರೇಗಿತು. “ಅದು ಗೋಂದು ಹಚ್ಚೋ ಕೆಲಸ. ಸೀಸ ಹುಯ್ಯೋಕೆ ಬರದವನು ಎಂಥಾ ಪ್ಲಂಬರು ಸ್ವಾಮಿ?”

ಅವರು ಲ್ಯಾಟಿನ್ ಹೆಸರನ್ನೇ ಕೇಳಿದವರಲ್ಲ! ನಾನು ನಿಘಂಟು ತಿರುವಿ ಕಲಿತದ್ದನ್ನು ಸೌಟು ಹಿಡಿದೇ ಹೇಳಿಬಿಟ್ಟರು.

ವೇಳೆ ಆಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಗೋಡೆ ನೆಟ್ಟಗಿದೆಯೇ ನೋಡಲು ಗಾರೆಯವರು ಇಳಿಬಿಡುವ ತೂಗುಗುಂಡು ಇದೆಯಲ್ಲ, ಇಂಗ್ಲಿಷಿನಲ್ಲಿ ಅದೂ ‘ಪ್ಲಂಬ್’. ಅದೂ ಸೀಸದ್ದೇ ಆಗಿತ್ತು. ಇನ್ನು ಉಚ್ಚಾರ. ಇಂಗ್ಲಿಷಿನವರು ‘ಬ’ ನುಂಗಿ ‘ಪ್ಲಮರ್’ ಅನ್ನುತ್ತಾರೆ. ನಾವು ‘ಬ’ ಹೇಳಿದರೆ ನಗುವವರಿದ್ದಾರೆ. ನಗಲಿ. ರೋಮಿನವರು ‘ಬ’ ಹೇಳುತ್ತಿದ್ದರು. ಸೀಸ ವಿಷವೆಂದು ಕುಡಿಯುವ ನೀರಿನ ಹೊಸ ಪೈಪುಗಳಿಗೆ ಅದನ್ನು ಬಳಸುವುದು ಬಹುತೇಕ ನಿಂತಿತು, ಹೆಸರಿನಿಂದ ಮಾತ್ರ ಹೋಗಲಿಲ್ಲ. ನಮ್ಮ ಸೀಸದಕಡ್ಡಿಯಲ್ಲೂ ಸೀಸವಿಲ್ಲ, ಇರುವುದು ಗ್ರಾಫೈಟ್. ಅದರ ಕಥೆ ಇನ್ನೂ ಚೆನ್ನಾಗಿದೆ, ಆದರೆ ಆಚೆ ಮತ್ತೆ ಕೈ ಎತ್ತಿದ್ದಾರೆ. ನಮಸ್ಕಾರ.