ಚಪಾಯೆವ್ ಕೇರಂ ಅಲ್ಲ, ಅಲ್ಲವೇ ಅಲ್ಲ

ನಮಸ್ಕಾರ. ಹಿಂದಿನ ಸಂಚಿಕೆಯಲ್ಲಿ ರಷ್ಯದ 'ಚಪಾಯೆವ್' ಆಟದ ಬಗ್ಗೆ ಹೇಳಿದ್ದೇ ತಡ, "ಇದು ನಮ್ಮ ಕೇರಂ ತಾನೆ, ಹಲಗೆ ಬೇರೆ ಅಷ್ಟೆ" ಎಂದು ಒಬ್ಬರು ಬರೆದರು. ಅದಕ್ಕೆ ತಲೆದೂಗಿದವರೂ ಬಹಳ. ಅಲ್ಲ ಸ್ವಾಮಿ, ಅಲ್ಲ.

ಕೇರಂನಲ್ಲಿ ಹೊಡೆಯುವುದು ಸ್ಟ್ರೈಕರ್. ಅದು ಯಾರ ಕಡೆಯ ಕಾಯಿಯೂ ಅಲ್ಲ. ಕುಳಿಗೆ ಬಿದ್ದರೆ ದಂಡ ತೆರುತ್ತೀರಿ, ಅದು ಮತ್ತೆ ಆಟಕ್ಕೆ ಬರುತ್ತದೆ. ಚಪಾಯೆವ್‌ನಲ್ಲಿ ಸ್ಟ್ರೈಕರ್ ಎಂಬುದೇ ಇಲ್ಲ! 64 ಮನೆಗಳ ಚದುರಂಗದ ಹಲಗೆ, ಇಬ್ಬರ ಕೊನೆಯ ಸಾಲಿನಲ್ಲೂ ಎಂಟೆಂಟು ಚೆಕರ್ಸ್ ಬಿಲ್ಲೆಗಳು. ನಿಮ್ಮದೇ ಬಿಲ್ಲೆಯನ್ನು ಬೆರಳಿನಿಂದ ಚಿಮ್ಮಿ ಎದುರಾಳಿಯದನ್ನು ಹಲಗೆಯಾಚೆ ಕೆಡವಬೇಕು. ಅದು ಬಿದ್ದು ನಿಮ್ಮದು ಉಳಿದರೆ ಮತ್ತೆ ಹೊಡೆಯಬಹುದು. ಆವೇಶದಲ್ಲಿ ಜೋರಾಗಿ ಚಿಮ್ಮಿದಿರೋ, ತಡೆಯಲು ಅಂಚುಪಟ್ಟಿ ಇಲ್ಲ. ನಿಮ್ಮವನೂ ನೆಲಕ್ಕೆ, ಸರದಿಯೂ ಕೈತಪ್ಪಿತು. ಹೊಡೆಯುವವನೇ ಸಾಯಬಹುದಾದ ಆಟ ಇದು. ಕೇರಂನಲ್ಲಿ ಈ ಭಯ ಎಲ್ಲಿದೆ?

"ಎರಡರಲ್ಲೂ ಬೆರಳೇ ಅಲ್ಲವೇ" ಎಂದು ಇನ್ನೊಬ್ಬರ ವಾದ. ಗೋಲಿಯನ್ನೂ ಬೆರಳಿನಿಂದಲೇ ಹೊಡೆಯುತ್ತೇವೆ. ಅದನ್ನೂ ಕೇರಂ ಎನ್ನುತ್ತೀರಾ?

ಇನ್ನೂ ಇದೆ. ಎದುರಾಳಿಯ ಎಂಟನ್ನೂ ಕೆಡವಿ ಸುತ್ತು ಗೆದ್ದರೆ, ಮುಂದಿನ ಸುತ್ತಿಗೆ ನಿಮ್ಮ ಇಡೀ ಸಾಲು ಒಂದು ಮನೆ ಮುಂದೆ ಸರಿಯುತ್ತದೆ. ಎರಡು ಸಾಲುಗಳ ನಡುವೆ ಖಾಲಿ ಮನೆಯೇ ಉಳಿಯದಾದ ಮೇಲೆ ಸೋತವನು ಹಿಂದೆ ಸರಿಯಬೇಕು. ಸರಿಯಲು ಜಾಗವೇ ಇಲ್ಲದಾಗ ಅವನ ಕತೆ ಮುಗಿಯಿತು. ನೆಲಕ್ಕಾಗಿ ನಡೆಯುವ ಯುದ್ಧ ಇದು, ಕುಳಿ ತುಂಬಿಸುವ ಲೆಕ್ಕವಲ್ಲ.

ಹೆಸರನ್ನಾದರೂ ನೋಡಿ. ವಸೀಲಿ ಚಪಾಯೆವ್ ರಷ್ಯದ ಅಂತರ್ಯುದ್ಧದಲ್ಲಿ ಕೆಂಪು ಸೇನೆಯ ದಂಡನಾಯಕ, 1919ರಲ್ಲಿ ರಣರಂಗದಲ್ಲೇ ಮಡಿದವನು. 1934ರ ಚಲನಚಿತ್ರ ಅವನನ್ನು ಸೋವಿಯತ್ ಒಕ್ಕೂಟದ ಮನೆಮಾತಾಗಿಸಿತು. ಅದರಲ್ಲಿ ಅವನು ಮೇಜಿನ ಮೇಲೆ ಆಲೂಗಡ್ಡೆ ಜೋಡಿಸಿ, ದಂಡನಾಯಕ ಎಲ್ಲಿ ನಿಲ್ಲಬೇಕೆಂದು ವಿವರಿಸುವ ದೃಶ್ಯ ಪ್ರಸಿದ್ಧ. ಅವನ ಹೆಸರಿನ ಆಟದಲ್ಲಿ, ಬಿದ್ದರೂ ಎದ್ದು ಬರುವ ಸ್ಟ್ರೈಕರ್ ಇರಲು ಸಾಧ್ಯವೇ? ಹೇಳಿ, ಸಾಧ್ಯವೇ?

ಅಂದ ಹಾಗೆ, ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಈಗಲೇ ಆಗಿ. ಇಂಥ ಆಟಗಳ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಕಡಿಮೆ, ನಿಮ್ಮ ಬೆಂಬಲ ಬೇಕು.

ಕೇರಂ ನನಗೂ ಪ್ರಾಣ. ಆದರೆ ಇದು ಕೇರಂ ಅಲ್ಲ! "ಸ್ವಲ್ಪ ಕೇರಂ ಥರ" ಎಂದೂ ಹೇಳಬೇಡಿ, ಅದನ್ನೂ ಒಪ್ಪುವುದಿಲ್ಲ. ಸ್ಟ್ರೈಕರ್ ಇಲ್ಲ, ಇಲ್ಲ, ಇಲ್ಲ. ಮನೆಯಲ್ಲಿ ಚದುರಂಗದ ಹಲಗೆ ಇದ್ದೇ ಇರುತ್ತದೆ. ಇವತ್ತೇ ಬಿಲ್ಲೆ ಜೋಡಿಸಿ ಆಡಿ, ನಿಮ್ಮ ಕೊನೆಯ ಬಿಲ್ಲೆಯನ್ನು ನೀವೇ ಮೇಜಿನಿಂದ ಕೆಳಗೆ ಕಳಿಸಿ, ಆಮೇಲೆ ನನಗೆ ಬರೆಯಿರಿ.